ಹಿರಿಯೂರಿನವಳು ಕಡಲಿಗಿಳಿದಳು: ಸ್ಕಾಟ್ಲೆಂಡ್‌ನ ಊರ ದೋಣಿ ಕ್ಲಬ್, ಮೂರು ವರ್ಷದ ಬಳಕೆಯ ನಂತರ

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ವರ್ಷಕ್ಕೆ 90 ಪೌಂಡ್. ಇಲ್ಲಿ ಒಂದು ಸುಮಾರಾದ ಜಿಮ್‌ಗೆ ಎರಡು ತಿಂಗಳಿಗೆ ಕಟ್ಟುವಷ್ಟು. ಅಷ್ಟಕ್ಕೆ ವರ್ಷವಿಡೀ ವಾರಕ್ಕೆ ಎರಡು ಸಲ ಸಮುದ್ರಕ್ಕೆ ಹೋಗಬಹುದು. ಅಗ್ಗ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಕೈಯಿಂದ ದುಡ್ಡು ಕೊಟ್ಟು ಕೆಲಸಕ್ಕೆ ಸೇರಿಕೊಂಡಿದ್ದೇನೆ ಅಂತ ಗೊತ್ತಾಗೋಕೆ ಒಂದು ಚಳಿಗಾಲ ಹಿಡಿಯಿತು.

ನಾನು ಹಿರಿಯೂರಿನ ಕಡೆಯವಳು. ಚಿಕ್ಕಂದಿನಲ್ಲಿ ನಾನು ಕಂಡ ದೊಡ್ಡ ನೀರು ಅಂದರೆ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ಅದೂ ಅರ್ಧಂಬರ್ಧ ತುಂಬಿದ್ದು. 2022ರ ಸೆಪ್ಟೆಂಬರ್ ಮೊದಲ ವಾರ ಅಮ್ಮ ಫೋನ್ ಮಾಡಿ, "ಮಾರಿಕಣಿವೆ ಕೋಡಿ ಬಿತ್ತು ಕಣೇ, ಊರಿಗೆ ಊರೇ ನೋಡೋಕೆ ಹೋಗಿದೆ" ಅಂದಳು. 1933ರ ನಂತರ ಅದೇ ಮೊದಲು. 89 ವರ್ಷ ಕಾದ ಕೋಡಿ ನೋಡೋಕೆ ನಾನೊಬ್ಬಳು ಅಲ್ಲಿರಲಿಲ್ಲ. ಎಡಿನ್‌ಬರದ ಪೂರ್ವಕ್ಕೆ, ಫೋರ್ತ್ ಕೊಲ್ಲಿಯ ದಡದ ಒಂದು ಪುಟ್ಟ ಬಂದರಿನಲ್ಲಿ, ಬೇರೆ ಯಾರದೋ ಲೈಫ್ ಜಾಕೆಟ್ ಹಾಕಿಕೊಂಡು ನಡುಗುತ್ತಾ ನಿಂತಿದ್ದೆ. ಹೊಸಬರಿಗೆ ಮೊದಲ ಮೂರು ಸಲ ಉಚಿತ ಅಂತ ಬೇಕರಿಯ ಗಾಜಿನ ಮೇಲೆ ಚೀಟಿ ಅಂಟಿಸಿದ್ದರು. ಉಚಿತ ಅಂದರೆ ಬಿಡೋದುಂಟಾ?

ಕ್ಲಬ್ಬಿನ ಹೆಸರು ಹೇಳಲ್ಲ. ಕೆಳಗೆ ಸ್ವಲ್ಪ ಬೈದಿದ್ದೇನೆ, ಮತ್ತೆ ಶನಿವಾರ ಅದೇ ಜನರ ಮುಖ ನೋಡಬೇಕು. ಅಲ್ಲದೆ ಈ ತೀರದಲ್ಲಿ ಯಾವ ಕ್ಲಬ್‌ಗೆ ಹೋದರೂ ಮುಕ್ಕಾಲು ಪಾಲು ಇದೇ ಕಥೆ, ಏಕೆಂದರೆ ಎಲ್ಲರ ದೋಣಿಯೂ ಒಂದೇ.

ಆ ದೋಣಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಹೆಸರು ಸೇಂಟ್ ಏಲ್ಸ್ ಸ್ಕಿಫ್. 22 ಅಡಿ ಉದ್ದ. ನಾಲ್ಕು ಜನ ತಲಾ ಒಂದೊಂದು ಹುಟ್ಟು ಹಿಡಿದು ಕೂರುತ್ತಾರೆ, ಐದನೆಯವರು ಹಿಂದೆ ಕೂತು ಚುಕ್ಕಾಣಿ ಹಿಡಿಯುತ್ತಾರೆ. ಅವರನ್ನು ಕಾಕ್ಸ್ ಅನ್ನುತ್ತಾರೆ. ಆನ್‌ಸ್ಟ್ರದರ್ ಅನ್ನೋ ಊರಿನಲ್ಲಿ ಸ್ಕಾಟಿಷ್ ಮೀನುಗಾರಿಕೆ ಮ್ಯೂಸಿಯಂ ಇದೆ. ಹಿಂದೆ ಈ ಕೊಲ್ಲಿಯ ದಡದ ಕಲ್ಲಿದ್ದಲು ಗಣಿಯವರು ರಜಾದಿನ ದೋಣಿ ಪಂದ್ಯ ನಡೆಸುತ್ತಿದ್ದರಂತೆ, ಆಮೇಲೆ ಅದು ನಿಂತುಹೋಯಿತು. ಅದಕ್ಕೆ ಮತ್ತೆ ಜೀವ ಕೊಡೋಣ ಅಂತ ಮ್ಯೂಸಿಯಂನವರು ಇಯಾನ್ ಔಟ್ರೆಡ್ ಅವರ ಕೈಯಲ್ಲಿ ಈ ದೋಣಿಯ ನಕ್ಷೆ ಮಾಡಿಸಿದರು. ಫೇರ್ ಐಲ್ ದ್ವೀಪದ ಹಳೇ ದೋಣಿಯೇ ಅದಕ್ಕೆ ಮಾದರಿ. ಅಲೆಕ್ ಜೋರ್ಡನ್ ಅನ್ನುವವರು ಪ್ಲೈವುಡ್ ಹಲಗೆಗಳನ್ನು ಯಂತ್ರದಲ್ಲಿ ಅಳತೆಗೆ ಸರಿಯಾಗಿ ಕತ್ತರಿಸಿ ಕಿಟ್ ಮಾಡಿದರು. ಊರಿನವರು ಕಿಟ್ ತರಿಸಿಕೊಂಡು, ಮೇಷ್ಟರು, ನರ್ಸು, ಬಡಗಿ ಎಲ್ಲರೂ ಸೇರಿ ಯಾವುದೋ ಶೆಡ್ಡಿನಲ್ಲಿ ಒಂದು ಚಳಿಗಾಲ ಕೂತು ತಾವೇ ಜೋಡಿಸುತ್ತಾರೆ. ಹಲಗೆಯ ಮೇಲೆ ಹಲಗೆ, ಹೆಂಚು ಹೊದಿಸಿದ ಹಾಗೆ. 2010ರಲ್ಲಿ ಶುರುವಾದದ್ದು ಇವತ್ತು ಅಮೆರಿಕ, ಆಸ್ಟ್ರೇಲಿಯಾ, ನೆದರ್ಲೆಂಡ್‌ವರೆಗೂ ಹೋಗಿದೆ. 2013ರಲ್ಲಿ ಅಲಪೂಲ್‌ನಲ್ಲಿ ವಿಶ್ವ ಪಂದ್ಯವೇ ನಡೆಯಿತು. ಔಟ್ರೆಡ್ ಅವರು 2024ರಲ್ಲಿ ತೀರಿಕೊಂಡರು.

ನನಗೆ ಇಷ್ಟವಾಗುವ ವಿಷಯ ಏನೆಂದರೆ, ದುಡ್ಡಿದ್ದ ಕ್ಲಬ್ ಜಾಸ್ತಿ ವೇಗದ ದೋಣಿ ಕೊಳ್ಳೋ ಹಾಗಿಲ್ಲ. ಎಲ್ಲರಿಗೂ ಅದೇ ಕಿಟ್ಟು. ಬಣ್ಣ ಅವರವರ ಇಷ್ಟ. ಹುಟ್ಟಿನ ಆಕಾರವೂ ಅವರವರ ಇಷ್ಟ, ಆದರೆ ಮರದ್ದೇ ಆಗಬೇಕು. ಹಾಗಾಗಿ ಎಲ್ಲರ ಜಗಳ, ಗುಟ್ಟು, ಹೊಟ್ಟೆಕಿಚ್ಚು ಎಲ್ಲ ಹುಟ್ಟಿನ ಮೇಲೇ. ನಮ್ಮ ಶೆಡ್ಡಿನಲ್ಲಿ ಹುಟ್ಟು ಎಷ್ಟು ದಪ್ಪ ಇರಬೇಕು ಅಂತ ನಡೆದ ಮಾತನ್ನು ಕೇಳಿದರೆ, ನಮ್ಮೂರಿನ ಆಸ್ತಿ ಪಾಲಿನ ಪಂಚಾಯ್ತಿ ವಾಸಿ ಅನ್ನಿಸುತ್ತದೆ.

ಇನ್ನು ಬಳಕೆ. ಶನಿವಾರ ಒಂದು ಗಂಟೆ ದೋಣಿಯಲ್ಲಿ ಕೂರೋಕೆ ಒಟ್ಟು ಮೂರು ಗಂಟೆ ಬೇಕು. ಶೆಡ್ ತೆಗೆಯಬೇಕು. ಹೊದಿಕೆ ಬಿಚ್ಚಬೇಕು. ಸುಮಾರು 150 ಕಿಲೋ ತೂಕದ ದೋಣಿಯನ್ನು ಟ್ರಾಲಿ ಮೇಲೆ ತಳ್ಳಿಕೊಂಡು, ಪಾಚಿ ಕಟ್ಟಿದ ಕಲ್ಲಿನ ಇಳಿಜಾರಿನಲ್ಲಿ ಜಾರದ ಹಾಗೆ ನೀರಿಗೆ ಇಳಿಸಬೇಕು. ವಾಪಸ್ ಬಂದ ಮೇಲೆ ಅದೇ ಇಳಿಜಾರನ್ನು ಹತ್ತಬೇಕು, ಆಗ ತೋಳಿನಲ್ಲಿ ಶಕ್ತಿ ಇರುವುದಿಲ್ಲ. ಸಿಹಿನೀರಿನಲ್ಲಿ ತೊಳೆದು, ಒರೆಸಿ, ಮತ್ತೆ ಹೊದಿಕೆ ಕಟ್ಟಬೇಕು. ಆಮೇಲೆ ಚಹಾ. ಚಹಾ ಮಾತ್ರ ನೀರು ನೀರು, ಮೂರು ವರ್ಷದಲ್ಲಿ ಒಂಚೂರೂ ಸುಧಾರಿಸಿಲ್ಲ.

ಹುಟ್ಟು ಹಾಕೋದು ನೋಡೋಕೆ ಸುಲಭ. ಒಲಿಂಪಿಕ್ಸ್‌ನಲ್ಲಿ ತೋರಿಸುವ ದೋಣಿಗಳಲ್ಲಿ ಸೀಟು ಹಿಂದೆ ಮುಂದೆ ಜಾರುತ್ತದೆ. ಇದರಲ್ಲಿ ಸೀಟು ಮರದ ಹಲಗೆ, ಅಲ್ಲಾಡಲ್ಲ. ಕಾಲನ್ನು ಅಡ್ಡಪಟ್ಟಿಗೆ ಒತ್ತಿ, ಸೊಂಟದಿಂದ ಹಿಂದಕ್ಕೆ ವಾಲಬೇಕು. ಹುಟ್ಟು ಹದಿನಾಲ್ಕು ಹದಿನೈದು ಅಡಿ ಉದ್ದ, ಒಂದು ಗೂಟಕ್ಕೆ ಆನಿಸಿ ಎಳೆಯಬೇಕು. ನಾಲ್ಕನೇ ಸೀಟಿನವರು ಕಾಕ್ಸ್‌ಗೆ ಎದುರಾಗಿ ಕೂತು ಲಯ ಹಿಡಿಯುತ್ತಾರೆ, ಉಳಿದ ಮೂವರು ಮುಂದಿನವರ ಬೆನ್ನು ನೋಡಿಕೊಂಡು ಅದೇ ಲಯಕ್ಕೆ ಎಳೆಯಬೇಕು. ಸಮುದ್ರ ನೋಡೋಕೆ ಹೋದವಳು ಮೊದಲ ಎರಡು ತಿಂಗಳು ನೋಡಿದ್ದು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಅವರ ಬೆನ್ನು ಮಾತ್ರ. ಅವರ ಜಾಕೆಟ್ಟಿನ ಹೊಲಿಗೆ ಎಲ್ಲಿ ಬಿಟ್ಟಿದೆ ಅಂತ ಈಗಲೂ ಹೇಳಬಲ್ಲೆ.

ಇನ್ನು ಏಡಿ ಹಿಡಿಯೋ ವಿಷಯ. ಹುಟ್ಟಿನ ಅಲಗು ಓರೆಯಾಗಿ ನೀರಿಗೆ ಇಳಿದರೆ, ನೀರು ಅದನ್ನು ಗಪ್ಪಂತ ಕಚ್ಚಿಕೊಳ್ಳುತ್ತದೆ. ಹಿಡಿ ಬಂದು ಎದೆಗೆ ಗುದ್ದುತ್ತದೆ, ಸೀಟಿನಿಂದ ಹಿಂದಕ್ಕೆ ಬೀಳುತ್ತೀರಿ. ಇದಕ್ಕೆ ಇಲ್ಲಿನವರು ಏಡಿ ಹಿಡಿದೆ ಅನ್ನುತ್ತಾರೆ. ಏಳು ತಲೆಮಾರಿನಿಂದ ಮೀನು ಮುಟ್ಟದ ಮನೆಯ ಹುಡುಗಿ ನಾನು. ಮೊದಲ ದಿನವೇ ನಾಲ್ಕು ಏಡಿ ಹಿಡಿದೆ. ಅಮ್ಮನಿಗೆ ಹಾಗೇ ಹೇಳಿದೆ. ಒಂದು ನಿಮಿಷ ಫೋನಿನಲ್ಲಿ ಮಾತೇ ಇಲ್ಲ.

ಆಮೇಲೆ ಕೇಳಿದಳು, "ನಿನಗೆ ಈಜು ಬರುತ್ತೇನೇ?" ಬರುತ್ತಿರಲಿಲ್ಲ. ಕ್ಲಬ್ಬಿನವರು ಈಜು ಬರಲೇಬೇಕು ಅನ್ನಲಿಲ್ಲ, ಲೈಫ್ ಜಾಕೆಟ್ ಇಲ್ಲದೆ ಯಾರೂ ದೋಣಿ ಹತ್ತೋ ಹಾಗಿಲ್ಲ ಅಂದರು. ನಾನು ಆ ಚಳಿಗಾಲ ಊರಿನ ಈಜುಕೊಳಕ್ಕೆ ಸೇರಿಕೊಂಡೆ. ನೀವೂ ಸೇರುವುದಾದರೆ ಮೊದಲು ಅದನ್ನು ಮಾಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಇಲ್ಲಿನ ಸಮುದ್ರದ ನೀರು ಐದಾರು ಡಿಗ್ರಿ. ಬಿದ್ದರೆ ಮೊದಲು ಉಸಿರು ಕಟ್ಟುತ್ತದೆ, ಈಜು ಆಮೇಲಿನ ಮಾತು. ಬೇಸಿಗೆಯಲ್ಲೂ ಹದಿಮೂರು ಹದಿನಾಲ್ಕು ದಾಟೋದು ಕಷ್ಟ.

ಬೇಜಾರಿನ ವಿಷಯಗಳೂ ಇವೆ.

ಒಂದು, ಜಾಗ. ಬುಧವಾರ ರಾತ್ರಿ ಎಂಟಕ್ಕೆ ಆ ವಾರದ ಪಟ್ಟಿ ಮೊಬೈಲಿನಲ್ಲಿ ತೆರೆಯುತ್ತದೆ, ಎಂಟೂ ಐದಕ್ಕೆ ಶನಿವಾರದ ಸೀಟು ಮುಗಿದಿರುತ್ತದೆ. ತತ್ಕಾಲ್ ಟಿಕೆಟ್ ಮಾಡಿ ಅಭ್ಯಾಸ ಇದ್ದದ್ದಕ್ಕೆ ನಾನು ಬಚಾವು. ನೂರು ಚಿಲ್ಲರೆ ಸದಸ್ಯರಿಗೆ ಎರಡು ದೋಣಿ. ಆದರೂ ಹೊಸಬರನ್ನು ಸೇರಿಸಿಕೊಳ್ಳುತ್ತಲೇ ಇರುತ್ತಾರೆ. ಕೇಳಿದರೆ, ಚಳಿಗಾಲಕ್ಕೆ ಅರ್ಧ ಜನ ಬರಲ್ಲ ಬಿಡು ಅನ್ನುತ್ತಾರೆ. ಅದು ನಿಜವೇ. ಆದರೆ ಚಳಿಗಾಲದಲ್ಲಿ ನಾನು ಹೋದರೂ ದೋಣಿ ಹೋಗಬೇಕಲ್ಲ. ಪೂರ್ವದಿಂದ ಗಾಳಿ ಬೀಸಿದರೆ ಅಲೆ ನೇರ ಬಂದರಿನ ಬಾಯಿಗೇ ಬರುತ್ತದೆ. ಕಳೆದ ಜನವರಿಯಲ್ಲಿ ನಾನು ಹೆಸರು ಹಾಕಿದ ಆರು ದಿನದಲ್ಲಿ ಐದು ದಿನ ರದ್ದು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಕೆಲಸ ಮುಗಿಸಿ ಹೋಗೋ ಮಾತೇ ಇಲ್ಲ.

ಎರಡನೆಯದು ಸ್ವಲ್ಪ ಗಂಭೀರ. ಎರಡನೇ ವರ್ಷದ ಏಪ್ರಿಲ್‌ನಲ್ಲಿ ದಡದಿಂದ ಒಂದು ಕಿಲೋಮೀಟರ್ ಆಚೆ ನನ್ನ ಹುಟ್ಟಿನ ಗೂಟ ಲಟಕ್ಕಂತ ಮುರಿಯಿತು. ಆ ಗೂಟ ಬಿರುಕು ಬಿಟ್ಟಿದ್ದು ಹಿಂದಿನ ವಾರ ಹೋದವರಿಗೆ ಗೊತ್ತಿತ್ತು. ಪುಸ್ತಕದಲ್ಲಿ ಬರೆಯಲಿಲ್ಲ, ಬದಲಿ ಗೂಟ ಇಡುವ ಡಬ್ಬಿಯೂ ಖಾಲಿ. ಮೂರು ಹುಟ್ಟಿನಲ್ಲಿ, ಚುಕ್ಕಾಣಿ ಒಂದು ಕಡೆಗೆ ಎಳೆದು ಹಿಡಿದುಕೊಂಡು, ಹೇಗೋ ವಾಪಸ್ ಬಂದೆವು. ನಾನು ಸಾಮಾನಿನ ಹಾಗೆ ಸುಮ್ನೆ ಕೂತಿದ್ದೆ. ಅಪಾಯವೇನೂ ಆಗಲಿಲ್ಲ. ಆದರೆ ಸಭೆಯಲ್ಲಿ ನಾನು ಎದ್ದು ಕೇಳಿದಾಗ, "ಹಾಗಾದರೆ ಆ ಕೆಲಸ ನೀವೇ ನೋಡಿಕೊಳ್ಳಬಹುದಲ್ಲ" ಅಂದರು. ಈ ಕ್ಲಬ್ಬಿನಲ್ಲಿ ದೂರು ಹೇಳಿದವರಿಗೆ ಸಿಗುವ ಪರಿಹಾರ ಅದೇ. ಈಗ ಗೂಟ, ಹಗ್ಗ, ರೇಡಿಯೋದ ಬ್ಯಾಟರಿ ಎಲ್ಲ ನನ್ನ ಜವಾಬ್ದಾರಿ. ಪ್ರತಿ ತಿಂಗಳ ಮೊದಲ ಭಾನುವಾರ ಎಣಿಸುತ್ತೇನೆ. ಡಬ್ಬಿಯಲ್ಲಿ ಯಾವಾಗಲೂ ಆರು ಗೂಟ ಇರುತ್ತವೆ.

ಮೂರನೆಯದು ಪಂದ್ಯದ ತಂಡ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಂದಲ್ಲ ಒಂದು ಊರಿನಲ್ಲಿ ರೆಗಾಟಾ ಇರುತ್ತದೆ. ಹೆಂಗಸರು, ಗಂಡಸರು, ಇಬ್ಬರೂ ಸೇರಿದ್ದು, ನಲವತ್ತು ದಾಟಿದವರದ್ದು, ಐವತ್ತು, ಅರವತ್ತು ದಾಟಿದವರದ್ದು, ಹೀಗೆ ಬೇರೆ ಬೇರೆ ಓಟ. ಎಲ್ಲರಿಗೂ ಜಾಗ ಇದೆ ಅಂತ ಚೀಟಿಯಲ್ಲಿ ಬರೆದಿರುತ್ತಾರೆ. ಗೆಲ್ಲುವ ತಂಡಕ್ಕೆ ಮಾತ್ರ ಯಾವಾಗಲೂ ಅದೇ ಐದು ಹೆಸರು. ಒಂದೂವರೆ ವರ್ಷ ನಾನು ಬರೀ ಟ್ರಾಲಿ ತಳ್ಳಿದೆ. ಸಿಟ್ಟು ಬಂದಿತ್ತು, ಸುಳ್ಳು ಹೇಳಲ್ಲ. ಆಮೇಲೆ ಒಂದು ದಿನ ಯಾರಿಗೋ ಜ್ವರ ಬಂದು, ನಲವತ್ತು ದಾಟಿದ ಹೆಂಗಸರ ಓಟಕ್ಕೆ ನನ್ನನ್ನು ಕೂರಿಸಿದರು. ಒಂದು ಕಿಲೋಮೀಟರ್ ಹೋಗಿ ಬುರುಡೆ ಸುತ್ತಿ ವಾಪಸ್. ಆ ಬುರುಡೆ ಅಂದರೆ ನೀರಿನಲ್ಲಿ ತೇಲುವ ಕೆಂಪು ಗುಂಡು, ನಾನಿಟ್ಟ ಹೆಸರು. ತಿರುಗುವ ಕಡೆ ಒಳಗಿನ ಇಬ್ಬರು ಹುಟ್ಟನ್ನು ನೀರಿನಲ್ಲಿ ಅದುಮಿ ಹಿಡಿಯಬೇಕು, ಹೊರಗಿನ ಇಬ್ಬರು ಜೀವ ಬಿಟ್ಟು ಎಳೆಯಬೇಕು. ಎಂಟು ದೋಣಿಯಲ್ಲಿ ನಾವು ಏಳನೆಯವರು. ಎಂಟನೆಯವರು ಬುರುಡೆಗೆ ಡಿಕ್ಕಿ ಹೊಡೆದಿದ್ದರು.

ರೆಗಾಟಾದ ನಿಜವಾದ ಪಂದ್ಯ ದಡದ ಮೇಲೆ, ಕೇಕಿನ ಮೇಜಿನಲ್ಲಿ ನಡೆಯುತ್ತದೆ. ಯಾವ ಊರಿನ ಕೇಕ್ ಚೆನ್ನಾಗಿದೆ ಅಂತ ವರ್ಷಗಟ್ಟಲೆ ನೆನಪಿಟ್ಟುಕೊಂಡು ಮಾತಾಡುತ್ತಾರೆ. ನನಗೆ ಕೇಕ್ ಬರಲ್ಲ. ಲೀತ್ ಕಡೆಯ ಒಂದು ಅಂಗಡಿಯಲ್ಲಿ ಮಂಡಕ್ಕಿ ಸಿಕ್ಕಿತು. ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಹುರಿಗಡಲೆ ಪುಡಿ, ಅಮ್ಮ ಕಳಿಸಿದ ಖಾರದಪುಡಿ ಹಾಕಿ, ದೊಡ್ಡ ಬಕೆಟ್ಟಿನಲ್ಲಿ ಕಲಸಿ ಕಾಗದದ ಪೊಟ್ಟಣದಲ್ಲಿ ಕೊಟ್ಟೆ. ಜೊತೆಗೆ ಮೆಣಸಿನಕಾಯಿ ಬಜ್ಜಿ. ಮೊದಲು ಅನುಮಾನದಿಂದ ನೋಡಿದರು. ಅರ್ಧ ಗಂಟೆಯಲ್ಲಿ ಬಕೆಟ್ ಖಾಲಿ, ಪಕ್ಕದ ಕ್ಲಬ್ಬಿನವರು ಮೂಗು ಒರೆಸಿಕೊಳ್ಳುತ್ತಾ ಎರಡನೇ ಸಲ ಬಂದರು. ಈಗ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ಮಂಡಕ್ಕಿ' ಅಂತ ಖಾಯಂ ಬರೆದಿರುತ್ತದೆ. ತಂಡದಲ್ಲಿ ಸೀಟು ಸಿಗೋಕೂ ಅದಕ್ಕೂ ಸಂಬಂಧ ಇಲ್ಲ ಅನ್ನುತ್ತಾರೆ. ನಾನು ನಂಬಲ್ಲ.

ಒಳ್ಳೆಯ ದಿನಗಳ ಬಗ್ಗೆ ಬರೆಯೋದು ಕಷ್ಟ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಗಾಳಿ ಬಿದ್ದುಹೋದ ಸಂಜೆ ನೀರು ಎಣ್ಣೆಯ ಹಾಗೆ ಇರುತ್ತದೆ. ಸೀಲ್ ಒಂದು ತಲೆ ಎತ್ತಿ, ಯಾರಪ್ಪಾ ಇವರು ಅಂತ ನೋಡಿಕೊಂಡು ಹಿಂದೆ ಬರುತ್ತದೆ. ಒಂದು ಸಲ ನಾರ್ತ್ ಬೆರಿಕ್‌ಗೆ ಹೋಗಿ, ಅಲ್ಲಿಂದ ಬ್ಯಾಸ್ ರಾಕ್ ಬಂಡೆಯ ಹತ್ತಿರಕ್ಕೆ ಹೋದೆವು. ಗ್ಯಾನೆಟ್ ಅನ್ನೋ ದೊಡ್ಡ ಬಿಳಿ ಹಕ್ಕಿ ಸಾವಿರಾರು. ಬಂಡೆಗೆ ಸುಣ್ಣ ಬಳಿದ ಹಾಗೆ ಕಾಣುತ್ತದೆ, ಹತ್ತಿರ ಹೋದರೆ ಆ ಸುಣ್ಣವೇ ಕಿರುಚುತ್ತದೆ. ವಾಸನೆ ಬಗ್ಗೆ ಕೇಳಬೇಡಿ. 2022ರಲ್ಲಿ ಹಕ್ಕಿಜ್ವರ ಬಂದು ತುಂಬ ಹಕ್ಕಿಗಳು ಸತ್ತವು. ಈಗಲೂ ಮೇಲ್ಗಡೆ ಖಾಲಿ ಜಾಗ ಎಲ್ಲೆಲ್ಲಿದೆ ಅಂತ ಹಳಬರು ಕೈ ತೋರಿಸುತ್ತಾರೆ.

ಹಾರ್ ಅಂತ ಇನ್ನೊಂದಿದೆ. ಕಡಲಿನಿಂದ ಬರುವ ಮಂಜು. ಮೇ ತಿಂಗಳ ಚುರುಕು ಬಿಸಿಲು, ಹತ್ತು ನಿಮಿಷದಲ್ಲಿ ದಡ ಮಾಯ. ಎಲ್ಲರೂ ಮಾತು ನಿಲ್ಲಿಸುತ್ತಾರೆ, ಕಾಕ್ಸ್ ದಿಕ್ಸೂಚಿ ನೋಡುತ್ತಾರೆ, ಹುಟ್ಟು ಗೂಟಕ್ಕೆ ತಾಗುವ ಟಕ್ ಟಕ್ ಮಾತ್ರ ಕೇಳುತ್ತದೆ. ನನಗೆ ಭಯವಾಗಬೇಕಿತ್ತು. ಮಾಗಿಯ ಬೆಳಗಿನಲ್ಲಿ ಅಪ್ಪನ ಜೊತೆ ಹೊಲಕ್ಕೆ ಹೋದ ಹಾಗಿತ್ತು.

ಚಳಿಗಾಲದ ಶೆಡ್ಡಿನ ಕೆಲಸವನ್ನು ನಾನು ಮೊದಲು ತಪ್ಪಿಸಿಕೊಳ್ಳುತ್ತಿದ್ದೆ. ದೋಣಿ ಮಗುಚಿ ಹಾಕಿ, ಹಳೇ ವಾರ್ನಿಷ್ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಮತ್ತೆ ಬಳಿದು, ಒಣಗಿಸಿ, ಮತ್ತೆ ಉಜ್ಜಿ. ಧೂಳು ಮೂಗಿಗೆಲ್ಲ. ಈಗ ಹುಟ್ಟು ಹಾಕೋದಕ್ಕಿಂತ ಅದೇ ನನಗೆ ಹೆಚ್ಚು ಇಷ್ಟ. ಹೊರಗಡೆ ಡ್ರೀಖ್, ಅಂದರೆ ಇಲ್ಲಿನವರ ಮಾತಿನಲ್ಲಿ ಮೋಡ ಮುಚ್ಚಿ ಜಿಟಿಜಿಟಿ. ಒಳಗೆ ಸಣ್ಣ ಹೀಟರ್, ರೇಡಿಯೋ, ಎಪ್ಪತ್ತು ದಾಟಿದ ಒಬ್ಬ ಬಡಗಿ. ಅವರು ನನ್ನ ಕೈ ಹಿಡಿದು ಮರದ ಎಳೆಯ ದಿಕ್ಕಿಗೆ ಉಜ್ಜೋದು ಕಲಿಸಿದರು. ಈ ಊರಿಗೆ ಬಂದು ಐದು ವರ್ಷ ನನಗೆ ಆಫೀಸಿನವರು ಬಿಟ್ಟರೆ ಯಾರೂ ಗೊತ್ತಿರಲಿಲ್ಲ. ಈಗ ಬೇಕರಿಗೆ ಹೋದರೆ ಬ್ರೆಡ್ ತರೋಕೆ ಮುಕ್ಕಾಲು ಗಂಟೆ ಬೇಕು.

ಯಾರಿಗೆ ಸರಿ, ಯಾರಿಗೆ ಬೇಡ? ಬರೀ ವ್ಯಾಯಾಮಕ್ಕೆ ಅಂದರೆ ಜಿಮ್‌ಗೇ ಹೋಗಿ, ಅಲ್ಲಿ ಗಾಳಿ ಬೀಸಿದರೂ ಬಾಗಿಲು ತೆಗೆದಿರುತ್ತದೆ. ಸೊಂಟ ನೋವಿನವರು ಡಾಕ್ಟರನ್ನು ಕೇಳಿಯೇ ಬನ್ನಿ. ದುಬಾರಿ ಬಟ್ಟೆ ಬೇಡ, ಉಣ್ಣೆಯ ಹಳೇ ಸ್ವೆಟರ್ ಸಾಕು. ಜೀನ್ಸ್ ಮಾತ್ರ ಬೇಡ, ನೆನೆದರೆ ಒಣಗಲ್ಲ. ಕೈಗವಸು ಹಾಕಿದರೂ ಬೊಬ್ಬೆ ಬರುತ್ತದೆ, ಹಾಕದಿದ್ದರೂ ಬರುತ್ತದೆ. ಒಂದು ತಿಂಗಳಲ್ಲಿ ಅಂಗೈ ಗಟ್ಟಿಯಾಗುತ್ತದೆ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಳೆದದ್ದು ಆ ಗೂಟಕ್ಕೆ, ಚಹಾಕ್ಕೆ ಕೂಡ.

ಸಮಯದ ಬಗ್ಗೆ ಒಂದು ಮಾತು ಬಿಟ್ಟುಹೋಯಿತು. ಇಲ್ಲಿ ಗಡಿಯಾರಕ್ಕಿಂತ ಉಬ್ಬರ ಇಳಿತ ಮುಖ್ಯ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ನೀರು ಐದು ಮೀಟರ್‌ವರೆಗೆ ಏರಿ ಇಳಿಯುತ್ತದೆ, ಆಗ ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ ನಮ್ಮ ಬಂದರಿನಲ್ಲಿ ಬರೀ ಕೆಸರು. ಇದನ್ನು ಒಮ್ಮೆ ಅಮ್ಮನಿಗೆ ಹೇಳಿದ್ದೆ. ಅವಳ ಅಡುಗೆಮನೆಯ ಮೊಳೆಗೆ ಒಂಟಿಕೊಪ್ಪಲ್ ಪಂಚಾಂಗ ನೇತಾಡುತ್ತಿರುತ್ತದೆ. ಕಳೆದ ವಾರ ತಾನೇ ಫೋನ್ ಮಾಡಿದಳು. "ಗುರುವಾರ ಹುಣ್ಣಿಮೆ ಕಣೇ. ಶನಿವಾರ ಬೆಳಗ್ಗೆ ಹೋಗಬೇಡ, ನೀರಿರಲ್ಲ. ಮಧ್ಯಾಹ್ನದ ಮೇಲೆ ಹೋಗು."