ಫ್ಲೂ ಲಸಿಕೆ: ಎರಡು ದಿನದ ಕೈನೋವು ಅದರದ್ದು, ಮೂರನೇ ದಿನದ ಜ್ವರ ಬೇರೆಯದ್ದು

ಮಂಗಳೂರು, ಉಡುಪಿ ಕಡೆ ಫ್ಲೂ ಇಂಜೆಕ್ಷನ್ ಬಗ್ಗೆ ಹೆಚ್ಚಾಗಿ ಕೇಳಿಬರುವ ದೂರು ಒಂದೇ: "ತಗೊಂಡ ಮೇಲೇ ಜ್ವರ ಬಂತು." ಇದರಲ್ಲಿ ಅರ್ಧ ನಿಜ. ಉಳಿದರ್ಧವನ್ನು ನಂಬಿ ಕೂತರೆ ನಮ್ಮ ಕರಾವಳಿಯಲ್ಲಿ ಜೀವಕ್ಕೇ ಕುತ್ತು ಬರಬಹುದು. ಮಳೆಗಾಲದ ಮಲೇರಿಯಾ, ಡೆಂಗಿ, ಇಲಿಜ್ವರ ಎಲ್ಲವೂ ಶುರುವಾಗುವುದು ಇದೇ ಮೈಕೈ ನೋವು, ಜ್ವರದಿಂದ. ಲಸಿಕೆ ಒಳ್ಳೆಯದೇ, ಹಾಕಿಸಿಕೊಳ್ಳಬೇಕಾದದ್ದೇ. ಆದರೆ ಕೊಟ್ಟ ದುಡ್ಡಿಗೆ ತಕ್ಕ ಮಾಲು ಸಿಗಬೇಕಾದರೆ ಡಬ್ಬಿ ನೋಡಬೇಕು, ಫ್ರಿಜ್ ಕೇಳಬೇಕು, ಸೂಜಿ ಎಲ್ಲಿ ಚುಚ್ಚುತ್ತಾರೆ ಎಂದು ಗಮನಿಸಬೇಕು. ಮನೆಗೆ ಬಂದ ಮೇಲೆ ಗಡಿಯಾರ ನೋಡಬೇಕು.

ವ್ಯಾಕ್ಸಿಗ್ರಿಪ್, ಇನ್‌ಫ್ಲುವ್ಯಾಕ್, ಫ್ಲುವಾರಿಕ್ಸ್, ವ್ಯಾಕ್ಸಿಫ್ಲೂ, ಹೆಸರು ಯಾವುದಾದರೂ ಒಳಗಿರುವುದು ಸತ್ತ ವೈರಸ್‌ನ ಚೂರುಗಳೇ. ಅರ್ಧ ಎಂ.ಎಲ್. ದ್ರವ, ಅದರಲ್ಲಿ ಪ್ರತಿ ತಳಿಗೆ 15 ಮೈಕ್ರೋಗ್ರಾಂ ಪ್ರೋಟೀನ್. ಜೀವಂತ ವೈರಸ್ ಇಲ್ಲದ ಕಾರಣ ಈ ಚುಚ್ಚುಮದ್ದಿನಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ಬರುವ ಸಣ್ಣ ಜ್ವರ ದೇಹದ ರಕ್ಷಣಾ ವ್ಯವಸ್ಥೆ ಎಚ್ಚೆತ್ತದ್ದರ ಬಿಸಿ. ನಾಲ್ಕು ತಳಿಯದ್ದು ಉತ್ತಮ, ಮೂರು ತಳಿಯದ್ದು ಅಗ್ಗದ ಮಾಲು ಎಂಬ ಲೆಕ್ಕಾಚಾರವನ್ನು ಈಗ ಬಿಡಬಹುದು. ನಾಲ್ಕನೆಯದಾಗಿದ್ದ 'ಬಿ ಯಮಗಾಟ' ತಳಿ 2020ರ ಮಾರ್ಚ್ ನಂತರ ಲೋಕದಲ್ಲಿ ಎಲ್ಲೂ ಖಚಿತವಾಗಿ ಪತ್ತೆಯಾಗಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅದು ಇನ್ನು ಬೇಡ ಎಂದಿತು. ಮೂರು ತಳಿಯದ್ದು ಸಿಕ್ಕರೆ ನಿಶ್ಚಿಂತೆಯಿಂದ ತೆಗೆದುಕೊಳ್ಳಿ.

ಡಬ್ಬಿಯ ಮೇಲೆ ನೋಡಬೇಕಾದದ್ದು ಬೇರೆ: ಅದು ಯಾವ ಸೀಸನ್‌ನದ್ದು. ಎಸ್‌ಎಚ್ ಎಂದರೆ ದಕ್ಷಿಣ ಗೋಳಾರ್ಧದ್ದು, ಎನ್‌ಎಚ್ ಎಂದರೆ ಉತ್ತರದ್ದು. ಪಕ್ಕದಲ್ಲೇ ವರ್ಷ ಇರುತ್ತದೆ. ಭೂಪಟದಲ್ಲಿ ನಾವು ಉತ್ತರದವರೇ ಆದರೂ ನಮ್ಮಲ್ಲಿ ಫ್ಲೂ ಏರುವುದು ಮಳೆಯ ಜೊತೆಗೆ. ಶಾಲೆ ಶುರು, ಕಿಟಕಿ ಬಂದ್, ಒದ್ದೆ ಕೊಡೆಗಳ ಜೊತೆ ಬಸ್ಸು ತುಂಬ ಜನ. ಲಸಿಕೆ ಕೆಲಸ ಶುರು ಮಾಡಲು ಸುಮಾರು ಎರಡು ವಾರ ಬೇಕು. ಹಾಗಾಗಿ ಪತ್ತನಾಜೆಯ ಆಸುಪಾಸು, ಅಂದರೆ ಮೇ ಮೂರು-ನಾಲ್ಕನೇ ವಾರದೊಳಗೆ, ಆ ವರ್ಷದ ಎಸ್‌ಎಚ್ ಡಬ್ಬಿ ಕೇಳಿ ಹಾಕಿಸಿಕೊಂಡರೆ ಜೂನ್‌ಗೆ ಸಿದ್ಧ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ, ಮನೆಮಂದಿಯೆಲ್ಲ ಜ್ವರದಿಂದ ಮಲಗಿದ ಮೇಲೆ ಓಡಿದರೂ ವ್ಯರ್ಥವಲ್ಲ, ಆದರೆ ಅರ್ಧ ಸೀಸನ್ ಕಳೆದಿರುತ್ತದೆ.

ಸೇವೆಯಲ್ಲಿ ಹೆಚ್ಚು ಎಡವಟ್ಟಾಗುವುದು ತಂಪು ಕಾಯುವುದರಲ್ಲಿ. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಮಕ್ಕಳ ಡಾಕ್ಟರುಗಳ ಬಳಿ ಸಾಮಾನ್ಯವಾಗಿ ಲಸಿಕೆಗೆಂದೇ ಫ್ರಿಜ್ ಇರುತ್ತದೆ. ದೊಡ್ಡವರಿಗಾದರೆ ಎಷ್ಟೋ ಕಡೆ "ಮೆಡಿಕಲ್‌ನಿಂದ ತನ್ನಿ, ಹಾಕಿಕೊಡುತ್ತೇವೆ" ಎನ್ನುತ್ತಾರೆ. ಮೇ ತಿಂಗಳ ಬಿಸಿಲಿನಲ್ಲಿ ಹಂಪನಕಟ್ಟೆಯಿಂದ ಸುರತ್ಕಲ್‌ವರೆಗೆ ಸ್ಕೂಟರ್ ಡಿಕ್ಕಿಯಲ್ಲಿಟ್ಟು ತಂದರೆ ಆ ಪ್ರೋಟೀನ್ ಕೆಡಬಹುದು. ಅದಕ್ಕಿಂತ ದೊಡ್ಡ ತಪ್ಪು ಎಂದರೆ ಮುತುವರ್ಜಿಯಿಂದ ಐಸ್ ಮೇಲೆಯೇ ಇಡುವುದು ಅಥವಾ ಮನೆಯ ಫ್ರೀಜರ್‌ಗೆ ಹಾಕುವುದು. ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ಬಿಸಾಡಬೇಕು, ಮತ್ತೆ ಕರಗಿದ ಮೇಲೆ ನೋಡಿದರೆ ಗುರುತೇ ಸಿಗುವುದಿಲ್ಲ. ಹೆಪ್ಪುಗಟ್ಟಿತ್ತೇ ಎಂದು ಅಲುಗಾಡಿಸಿ ನೋಡುವ ಪರೀಕ್ಷೆ ಅಲ್ಯೂಮಿನಿಯಂ ಲವಣ ಸೇರಿಸಿದ ಲಸಿಕೆಗಳಿಗೆ ಮಾತ್ರ ನಡೆಯುತ್ತದೆ, ಇದರಲ್ಲಿ ಅದಿಲ್ಲ. ಸರಿಯಾದ ಕ್ರಮ ಹೀಗೆ: ಐಸ್ ಪ್ಯಾಕ್ ಅನ್ನು ಹೊರಗೆ ಬೆವರುವ ತನಕ ಬಿಟ್ಟು, ನ್ಯೂಸ್‌ಪೇಪರ್‌ನಲ್ಲಿ ಎರಡು ಸುತ್ತು ಸುತ್ತಿ, ಲಸಿಕೆಯ ಡಬ್ಬಿಯನ್ನು ಅದಕ್ಕೆ ತಾಗದಂತೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ನೇರ ಕ್ಲಿನಿಕ್‌ಗೆ. ದಾರಿಯಲ್ಲಿ ಮೀನು ಮಾರ್ಕೆಟ್‌ಗೆ ಇಳಿಯುವುದು ಬೇಡ. ಮಳೆ ಶುರುವಾದ ಮೇಲೆ ಕರೆಂಟ್ ಗಂಟೆಗಟ್ಟಲೆ ಹೋಗುವ ಊರುಗಳಲ್ಲಿ "ಫ್ರಿಜ್‌ಗೆ ಇನ್ವರ್ಟರ್ ಇದೆಯಾ, ಉಷ್ಣತೆ ಬರೆದಿಡುತ್ತೀರಾ" ಎಂದು ಮೆಡಿಕಲ್‌ನಲ್ಲಿ ಕೇಳಲು ಸಂಕೋಚ ಬೇಡ. ಒಳ್ಳೆಯ ಅಂಗಡಿಯವರು ಥರ್ಮಾಮೀಟರ್ ತೋರಿಸಿಯೇ ಕೊಡುತ್ತಾರೆ.

ಚುಚ್ಚುವ ಜಾಗದ ಬಗ್ಗೆ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ವಾರಗಟ್ಟಲೆ ಉಳಿಯುವ ನೋವಿನ ಮೂಲ ಕೆಲವೊಮ್ಮೆ ಲಸಿಕೆಯಲ್ಲ, ಸೂಜಿ ಬಿದ್ದ ಎತ್ತರ. ಭುಜದ ತುದಿಯಲ್ಲಿ ಕೈಗೆ ಸಿಗುವ ಎಲುಬಿನಿಂದ ಎರಡು-ಮೂರು ಬೆರಳು ಕೆಳಗೆ, ಸ್ನಾಯು ದಪ್ಪಗಿರುವಲ್ಲಿ, ನೇರವಾಗಿ ಚುಚ್ಚಬೇಕು. ಅಂಗಿಯ ತೋಳನ್ನು ಮೇಲಕ್ಕೆ ಮಡಚಲಾಗದೆ ಕಾಲರ್ ಕಡೆಯಿಂದ ಎಳೆದು ಹಾಕಿಸಿಕೊಂಡರೆ ಸೂಜಿ ಮೇಲೆ ಬಿದ್ದು ಕೀಲಿನ ಚೀಲಕ್ಕೆ ತಾಗುವ ಸಾಧ್ಯತೆ ಇದೆ. ಸಡಿಲ ತೋಳಿನ ಬಟ್ಟೆ ಹಾಕಿಕೊಂಡು ಹೋಗಿ, ಪೂರ್ತಿ ಭುಜ ತೆರೆಯಿರಿ, ಕುಳಿತೇ ಹಾಕಿಸಿಕೊಳ್ಳಿ. ಕೆಲಸ ಕಡಿಮೆ ಮಾಡುವ ಕೈಯನ್ನೇ ಕೊಡಿ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಮೊದಲೇ ಹೇಳಬೇಕು. ಅವರಿಗೆ ಸಣ್ಣ ಸೂಜಿ ಬಳಸಿ, ಉಜ್ಜದೆ ಎರಡು ನಿಮಿಷ ಒತ್ತಿ ಹಿಡಿಯಬೇಕು.

ಇನ್ನು ಗಡಿಯಾರ. ಮೊದಲ 15 ನಿಮಿಷ ಕ್ಲಿನಿಕ್‌ನಲ್ಲೇ ಕೂರಬೇಕು. ತಲೆ ಸುತ್ತಿ ಬೀಳುವವರು ಬೀಳುವುದು ಆಗಲೇ, ಹದಿಹರೆಯದವರಲ್ಲಿ ಹೆಚ್ಚು. ಹತ್ತು ಲಕ್ಷ ಡೋಸ್‌ಗೆ ಒಬ್ಬರು-ಇಬ್ಬರಲ್ಲಿ ಆಗುವ ತೀವ್ರ ಅಲರ್ಜಿಯೂ ಸಾಮಾನ್ಯವಾಗಿ ನಿಮಿಷಗಳಲ್ಲೇ ಕಾಣುತ್ತದೆ: ಮೈತುಂಬ ದದ್ದು, ತುಟಿ ಊತ, ಉಸಿರು ಕಟ್ಟುವುದು. ಅದಕ್ಕೆ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್. ಅದು ಕೈಗೆಟಕುವಲ್ಲಿ ಇಲ್ಲದ ಜಾಗದಲ್ಲಿ ಲಸಿಕೆ ಹಾಕಿಸಿಕೊಳ್ಳಬೇಡಿ. ಮನೆಗೆ ಬಂದು ಹಾಕಿಹೋಗುವ ಸೇವೆಗೂ ಇದೇ ಮಾತು.

ಆರರಿಂದ ಹನ್ನೆರಡು ಗಂಟೆಯೊಳಗೆ ತೋಳು ಭಾರ ಎನಿಸುತ್ತದೆ. ಒತ್ತಿದರೆ ನೋವು, ಐದು ರೂಪಾಯಿ ನಾಣ್ಯದಷ್ಟು ಕೆಂಪು, ಮುಟ್ಟಿದರೆ ಬಿಸಿ. ಬಾವಿಯಿಂದ ನೀರು ಸೇದುವಾಗ, ಕಾಯಿ ತುರಿಯುವಾಗ, ರಾತ್ರಿ ಆ ಮಗ್ಗುಲಿಗೆ ಹೊರಳುವಾಗ ಚೆನ್ನಾಗಿ ಗೊತ್ತಾಗುತ್ತದೆ. ಕೆಲವರಿಗೆ ತಲೆನೋವು, ಮೈಕೈ ನೋವು, ಸುಸ್ತು, 100 ಡಿಗ್ರಿ ಆಸುಪಾಸಿನ ಜ್ವರ. ಚಿಕ್ಕ ಮಕ್ಕಳಲ್ಲಿ ಜ್ವರ ತುಸು ಹೆಚ್ಚು. ಮರುದಿನ ಇದರ ಶಿಖರ, 48 ಗಂಟೆಗೆ ಬಹುತೇಕ ಮುಗಿಯುತ್ತದೆ. ಕೈಯನ್ನು ಜೋಲಿ ಕಟ್ಟಿದಂತೆ ಇಟ್ಟುಕೊಳ್ಳದೆ ಆಡಿಸುತ್ತಿರಿ, ತಣ್ಣೀರು ಬಟ್ಟೆ ಇಡಿ, ಎಣ್ಣೆ ಹಾಕಿ ತಿಕ್ಕಬೇಡಿ. ಗಂಜಿ-ಚಟ್ನಿ ಉಣ್ಣಿ, ಮೀನು ತಿನ್ನಬಾರದು ಎಂಬ ಪಥ್ಯವೇನೂ ಇಲ್ಲ. ಎರಡು ದಿನ ಕಳೆದೂ ಕೈ ತಲೆಯವರೆಗೆ ಎತ್ತಲಾಗದಿದ್ದರೆ ಅದು ಭುಜದ ತೊಂದರೆ ಇರಬಹುದು, ಎಲುಬಿನ ಡಾಕ್ಟರಿಗೆ ತೋರಿಸಬೇಕು.

ನೋವಿಗೆ ಪ್ಯಾರಸಿಟಮಾಲ್ ಸಾಕು, ಮುಂಚಿತವಾಗಿ ನುಂಗುವುದು ಬೇಡ. ದೊಡ್ಡವರಿಗೆ 500 ಅಥವಾ 650, ಆರು ಗಂಟೆಗೊಮ್ಮೆ, ಬೇಕಾದರೆ ಮಾತ್ರ. ಮಕ್ಕಳಿಗೆ ತೂಕದ ಲೆಕ್ಕ, ಕಿಲೋಗೆ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ ಎಂದರೆ, 5 ಎಂ.ಎಲ್.ನಲ್ಲಿ 250 ಇರುವ ಸಿರಪ್ ಆದರೆ 3 ಎಂ.ಎಲ್., 125 ಇರುವುದಾದರೆ 6. ಎರಡೂ ಬಾಟಲಿ ಒಂದೇ ರೀತಿ ಕಾಣುವುದರಿಂದ ಇಲ್ಲೇ ದುಪ್ಪಟ್ಟು ಡೋಸ್ ಆಗಿಬಿಡುತ್ತದೆ. ಬ್ರೂಫೆನ್, ಡೈಕ್ಲೋಫಿನ್ಯಾಕ್, ಆಸ್ಪಿರಿನ್ ಥರದ ನೋವಿನ ಮಾತ್ರೆ ಮಳೆಗಾಲದಲ್ಲಿ ಸ್ವಂತ ಬುದ್ಧಿಯಿಂದ ನುಂಗಲೇಬೇಡಿ. ಆ ಜ್ವರ ಡೆಂಗಿಯದ್ದಾಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ವೈವಾಕ್ಸ್ ಎಂಬ ಬಗೆಯ ಮಲೇರಿಯಾದ ಸೊಳ್ಳೆ ಕಚ್ಚಿ ಜ್ವರ ಬರಲು ಸುಮಾರು ಎರಡು ವಾರ, ಡೆಂಗಿಗೆ 4ರಿಂದ 10 ದಿನ, ಇಲಿಜ್ವರಕ್ಕೆ ಹೆಚ್ಚಾಗಿ 5ರಿಂದ 14 ದಿನ. ಲಸಿಕೆ ಹಾಕಿಸಿಕೊಂಡ ದಿನವೇ ಇವುಗಳಲ್ಲಿ ಒಂದು ಮೈಯೊಳಗೆ ಕಾದು ಕೂತಿರಬಹುದು. ಫ್ಲೂ ಕೂಡ ಅಷ್ಟೇ, ಹಿಂದಿನ ದಿನ ಅಂಟಿದ್ದರೆ ಲಸಿಕೆ ಅದನ್ನು ತಡೆಯಲಾರದು. ಆದ್ದರಿಂದ ಜ್ವರ 48 ಗಂಟೆ ದಾಟಿದರೆ, ಅಥವಾ ಮೊದಲ ದಿನವೇ ಚಳಿ ಹಿಡಿದು ನಡುಗಿ 102 ಮೀರಿದರೆ, "ಇಂಜೆಕ್ಷನ್‌ದು" ಎಂದು ಸುಮ್ಮನಿರಬಾರದು. ಮಲೇರಿಯಾ ರಕ್ತಪರೀಕ್ಷೆ ಮಂಗಳೂರಿನ ವೆನ್ಲಾಕ್, ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲೂ ಉಚಿತ. ಡೆಂಗಿಯ ಎನ್‌ಎಸ್1 ಪರೀಕ್ಷೆ ಜ್ವರದ ಮೊದಲ ಐದು ದಿನಗಳಲ್ಲೇ ಚೆನ್ನಾಗಿ ಹಿಡಿಯುತ್ತದೆ, ತಡಮಾಡಿದರೆ ತಪ್ಪಿಹೋಗುತ್ತದೆ. ನೋವಿನ ಜಾಗವೂ ಸುಳಿವು ಕೊಡುತ್ತದೆ: ಲಸಿಕೆಯದ್ದು ತೋಳಿನಲ್ಲಿ, ಡೆಂಗಿಯದ್ದು ಕಣ್ಣಿನ ಹಿಂದೆ, ಇಲಿಜ್ವರದ್ದು ಮೀನಖಂಡದಲ್ಲಿ. ಗದ್ದೆಗಿಳಿದವರು, ತೋಟದ ಕೆಲಸದವರು ಮೀನಖಂಡ ಒತ್ತಿ ನೋಡಿ. ಕಣ್ಣು ಕೆಂಪಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನರಗಳಿಗೆ ತಾಗುವ ಗಿಯಾನ್-ಬಾರೆ ತೊಂದರೆಯ ಭಯ ಹಲವರಿಗಿದೆ. ಹತ್ತು ಲಕ್ಷ ಡೋಸ್‌ಗೆ ಹೆಚ್ಚೆಂದರೆ ಒಂದೆರಡು ಹೆಚ್ಚುವರಿ ಪ್ರಕರಣ. ಹಿಂದೆ ಅದು ಬಂದವರು ನರರೋಗ ತಜ್ಞರನ್ನು ಕೇಳಿಯೇ ಮುಂದುವರಿಯಬೇಕು. ಮೊಟ್ಟೆ ಅಲರ್ಜಿ ಈಗ ಅಡ್ಡಿಯಲ್ಲ. ಹಿಂದಿನ ಫ್ಲೂ ಡೋಸ್‌ಗೋ ಮೊಟ್ಟೆ ಬಿಟ್ಟು ಲಸಿಕೆಯ ಬೇರೆ ಯಾವುದಾದರೂ ಅಂಶಕ್ಕೋ ತೀವ್ರ ಅಲರ್ಜಿ ಆಗಿದ್ದರೆ ಬೇಡ. ಗರ್ಭಿಣಿಯರು ಹಾಕಿಸಿಕೊಳ್ಳಬೇಕು, ಆದರೆ ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆ ಅವರಿಗಲ್ಲ. ಆರು ತಿಂಗಳಿಂದ ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಮೊದಲ ಸಲವಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್. ಎರಡನೆಯದನ್ನು ಮರೆಯುವವರು ಬಹಳ.

ಸರಕಾರದ ಉಚಿತ ಲಸಿಕಾ ಪಟ್ಟಿಯಲ್ಲಿ ಇದಿಲ್ಲ. ಸಾಮಾನ್ಯವಾಗಿ 1500ರಿಂದ 2500 ರೂಪಾಯಿಯೊಳಗೆ, ಅದೂ ಪ್ರತಿ ವರ್ಷ. ಲಸಿಕೆಯ ತಳಿ ಆಗ ಹರಡುತ್ತಿರುವ ವೈರಸ್‌ಗೆ ಚೆನ್ನಾಗಿ ಹೊಂದಿದ ವರ್ಷದಲ್ಲಿ ಡಾಕ್ಟರ ಬಳಿ ಹೋಗುವಂಥ ಫ್ಲೂವನ್ನು ನೂರಕ್ಕೆ 40ರಿಂದ 60ರಷ್ಟು ತಗ್ಗಿಸುತ್ತದೆ. ಆರೋಗ್ಯವಂತ ಯುವಕರಿಗೆ ಈ ಬೆಲೆ ದುಬಾರಿ ಎನಿಸಬಹುದು. 65 ದಾಟಿದವರು, ಸಕ್ಕರೆ ಕಾಯಿಲೆ, ದಮ್ಮು, ಹೃದಯದ ತೊಂದರೆ ಇರುವವರ ಮನೆಯಲ್ಲಿ ಲೆಕ್ಕವೇ ಬೇರೆ, ಒಂದು ದಿನದ ಐಸಿಯು ಬಿಲ್ಲಿನ ಮುಂದೆ ಇದು ಏನೂ ಅಲ್ಲ.

ಬಿಲ್ ತೆಗೆದುಕೊಳ್ಳುವಾಗ ಲಸಿಕೆಯ ಬ್ಯಾಚ್ ನಂಬರ್ ಇರುವ ಸ್ಟಿಕ್ಕರನ್ನು ಕಾರ್ಡಿಗೆ ಅಂಟಿಸಿಕೊಡಲು ಹೇಳಿ, ಸ್ಟಿಕ್ಕರ್ ಇಲ್ಲದಿದ್ದರೆ ಡಬ್ಬಿಯ ಫೋಟೋ ತೆಗೆದಿಡಿ. ಎಡಗೈಯೋ ಬಲಗೈಯೋ, ಎಷ್ಟು ಗಂಟೆಗೆ ಎಂದೂ ಬರೆಸಿಕೊಳ್ಳಿ. ಅಸಹಜ ಎನಿಸುವ ಅಡ್ಡಪರಿಣಾಮ ಕಂಡರೆ ಔಷಧ ಅಡ್ಡಪರಿಣಾಮಗಳ ರಾಷ್ಟ್ರೀಯ ಸಹಾಯವಾಣಿ 1800-180-3024ಕ್ಕೆ ಯಾರು ಬೇಕಾದರೂ ತಿಳಿಸಬಹುದು. ಆಗ ಬೇಕಾಗುವುದು ಈ ಬ್ಯಾಚ್ ನಂಬರ್ ಮತ್ತು ಈ ಸಮಯವೇ.