ಪಂದ್ಯಕ್ಕೆ ಮುಂಚಿನ ಕಿಟ್ ತಪಾಸಣೆ ತಪ್ಪಿಸಬೇಡಿ: ನಾನು ತಪ್ಪಿಸಿದ್ದೆ

ಮಗನ ಫುಟ್‌ಬಾಲ್ ತಂಡದ ಓಡಾಟವೆಲ್ಲ ಈ ವರ್ಷ ನನ್ನ ಪಾಲಿಗೆ ಬಂದಿತ್ತು. ಹನ್ನೊಂದು ವರ್ಷದೊಳಗಿನ ಮಕ್ಕಳು. ಅವತ್ತು ಹಿಂದಿನ ಪಂದ್ಯ ಎಳೆದಾಡಿ ನಮ್ಮದು ತಡವಾಗಿತ್ತು. ರೆಫರಿ, ಇನ್ನೂ ಚಿಕ್ಕ ಹುಡುಗ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬೂಟಿನ ಅಡಿ ತೋರಿಸಿ ಎಂದ. ನಾನೇ ಬಾಯಿ ಹಾಕಿದೆ: "ಹೋದ ವಾರವೂ ಇದೇ ಬೂಟು ಸರ್, ಶುರು ಮಾಡಿಬಿಡಿ." ಅವನು ಒಂದು ಕ್ಷಣ ಅನುಮಾನಿಸಿದ. ಆಮೇಲೆ ಶಿನ್ ಗಾರ್ಡ್, ಅಂದರೆ ಸಾಕ್ಸಿನೊಳಗೆ ಮೊಣಕಾಲಿನ ಕೆಳಭಾಗ ಕಾಯುವ ಗಟ್ಟಿ ಪಟ್ಟಿ, ತಟ್ಟಿ ತೋರಿಸಿ ಅಂದ. ಟಕ್ ಟಕ್ ಸದ್ದು ಕೇಳಿತು, ಅಷ್ಟಕ್ಕೇ ವಿಸಿಲ್ ಊದಿದ.

ಅರ್ಧ ಆಟ ಆಗುವಷ್ಟರಲ್ಲಿ ಎದುರು ತಂಡದ ಹುಡುಗ ಕಾಲು ಹಿಡಿದು ಕೂತಿದ್ದ. ಫೌಲ್ ಏನಲ್ಲ, ಇಬ್ಬರೂ ಒಂದೇ ಚೆಂಡಿಗೆ ಕಾಲು ಚಾಚಿದ್ದರು. ಆದರೆ ಸಾಕ್ಸ್ ಹರಿದು ರಕ್ತ ಬರುತ್ತಿತ್ತು. ಐದು ಹೊಲಿಗೆ ಬಿತ್ತು.

ಎದುರಿಗಿದ್ದವನು ನನ್ನ ಮಗ. ಮನೆಗೆ ಬಂದು ಅವನ ಬೂಟು ತಿರುಗಿಸಿ, ಜಾರದಂತೆ ಅಡಿಯಲ್ಲಿರುವ ಗುಬ್ಬಿಗಳ, ಅಂದರೆ ಸ್ಟಡ್‌ಗಳ ಮೇಲೆ ಬೆರಳಾಡಿಸಿದೆ. ಒಂದರ ಅಂಚು ಸವೆದು, ಪ್ಲಾಸ್ಟಿಕ್ ಸೀಳಿ, ಚರ್ಮ ಗೀಚುವಷ್ಟು ಚೂಪಾಗಿತ್ತು. ಗಾಡಿ ನಿಲ್ಲಿಸಿದ ಕಡೆಯಿಂದ ಮೈದಾನದವರೆಗೆ ಸಿಮೆಂಟ್ ನೆಲದ ಮೇಲೆ ಬೂಟು ಹಾಕಿಕೊಂಡೇ ನಡೆಯುವುದು ಅವನ ಅಭ್ಯಾಸ. ಸ್ಟಡ್ ಹಾಳಾಗುವುದು ಹುಲ್ಲಿನ ಮೇಲಲ್ಲ, ಇಲ್ಲೇ. ರೆಫರಿ ಒಂದು ಸಲ ಕೈಯಾಡಿಸಿದ್ದರೆ ಸಿಕ್ಕಿಬೀಳುತ್ತಿತ್ತು.

ಆ ಹುಡುಗನ ಶಿನ್ ಗಾರ್ಡ್ ಕೂಡ ಅಂಗೈಯಷ್ಟೇ ಇತ್ತು. ಎರಡು ವರ್ಷದ ಹಿಂದೆ ಕೊಂಡಿದ್ದಂತೆ. ಸಡಿಲ ಸಾಕ್ಸಿನೊಳಗೆ ಪಕ್ಕಕ್ಕೆ ಜಾರಿಹೋಗಿತ್ತು. ತಟ್ಟಿದರೆ ಸದ್ದು ಬರುತ್ತದೆ, ನಿಜ. ಆದರೆ ಅದು ಇದೆ ಎಂದಷ್ಟೇ ಆ ಸದ್ದು ಹೇಳುತ್ತದೆ, ಎಷ್ಟು ಕಾಲು ಮುಚ್ಚಿದೆ ಎಂದು ಹೇಳುವುದಿಲ್ಲ. ಆಟದ ನಿಯಮಗಳಲ್ಲಿ 4ನೆಯದು ಈ ಸಲಕರಣೆಗಳದ್ದೇ. ಶಿನ್ ಗಾರ್ಡ್ ಕಡ್ಡಾಯ, ತಕ್ಕಷ್ಟು ರಕ್ಷಣೆ ಕೊಡಬೇಕು, ಸಾಕ್ಸಿನಿಂದ ಮುಚ್ಚಿರಬೇಕು ಎನ್ನುತ್ತದೆ. ಇಷ್ಟು ಉದ್ದ ಎಂಬ ಅಳತೆ ಇಲ್ಲ. ಅಳತೆ ಸರಿಯಾಗಿದೆಯೇ ಎಂಬುದು ಆಟಗಾರನದೇ ಜವಾಬ್ದಾರಿ ಎಂದು 2024ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಸೇರಿಸಿದ್ದಾರೆ. ಹತ್ತು ವರ್ಷದ ಮಗುವಿನ ವಿಷಯದಲ್ಲಿ ಆ ಆಟಗಾರ ಯಾರು ಅಂತ ಬೇರೆ ಹೇಳಬೇಕೆ?

ಓಲೆಯ ಜಗಳ ಬೇರೆ ಇದೆ. ಆಭರಣ ಯಾವುದೂ ಇರಕೂಡದು, ಮೇಲೆ ಟೇಪ್ ಸುತ್ತಿದರೂ ಆಗದು; ಕೈಯ ರಬ್ಬರ್ ಬ್ಯಾಂಡ್ ಕೂಡ ತೆಗೆಯಬೇಕು. ನಮ್ಮ ತಂಡದ ಹುಡುಗಿಯೊಬ್ಬಳು ಹೊಸದಾಗಿ ಕಿವಿ ಚುಚ್ಚಿಸಿಕೊಂಡು ಬಂದು, ಓಲೆ ತೆಗೆಯಲಾಗದೆ ಎರಡು ಪಂದ್ಯ ಹೊರಗೆ ಕೂತಳು. ಕಿವಿ ಚುಚ್ಚಿಸುವುದಿದ್ದರೆ ಪಂದ್ಯಗಳೆಲ್ಲ ಮುಗಿದ ಮೇಲೆ ಚುಚ್ಚಿಸಿ. ಒಳಗಿನ ಟೈಟ್ಸ್ ಚಡ್ಡಿಯ ಬಣ್ಣಕ್ಕೆ ಹೊಂದಬೇಕು, ಸಾಕ್ಸಿಗೆ ಸುತ್ತುವ ಟೇಪ್ ಸಾಕ್ಸಿನದೇ ಬಣ್ಣ ಇರಬೇಕು. ಇವು ಕಿರಿಕಿರಿ ಅನ್ನಿಸಬಹುದು, ಯಾರ ಕಾಲನ್ನೂ ಸೀಳುವುದಿಲ್ಲ. ಸ್ಟಡ್ ಹಾಗಲ್ಲ. ಹಿಂದಿನ ರಾತ್ರಿಯೇ ಬೂಟಿನ ಅಡಿ ಬೆರಳಿನಿಂದ ಮುಟ್ಟಿ ನೋಡಿ. ಕಣ್ಣಿಗೆ ಆ ಅಂಚು ಕಾಣುವುದಿಲ್ಲ. ತಿರುಪಿನ ಸ್ಟಡ್ ಆದರೆ ಬದಲಿಸಿ. ಬೂಟಿನ ಅಡಿಯ ಜೊತೆಗೇ ಅಚ್ಚು ಹಾಕಿದ ಸ್ಟಡ್ ಆದರೆ, ಸವೆದ ಮೇಲೆ ಬೂಟನ್ನೇ ಬದಲಿಸಬೇಕು.

ಒಂದು ತಿಂಗಳ ನಂತರ ಅದೇ ತಂಡದ ಜೊತೆ ಮತ್ತೆ ಪಂದ್ಯವಿತ್ತು. ಆ ಹುಡುಗನ ತಾಯಿ ನೇರ ನನ್ನ ಹತ್ತಿರ ಬಂದು, "ನಿಮ್ಮ ಮಗನ ಬೂಟು ಒಮ್ಮೆ ನೋಡಬಹುದಾ?" ಎಂದರು. ಬಿಚ್ಚಿಸಿ ಕೈಗೆ ಕೊಟ್ಟೆ.