ಡಾಕ್ಟರ್ ಹೂ ರಿವ್ಯೂ: ಒಂದೊಂದೇ ಎಪಿಸೋಡಾ, ಇಡೀ ಕಥೇನಾ?

ಬ್ರಿಟನ್ನಿನ ಸೈನ್ಸ್ ಫಿಕ್ಷನ್ ಟಿವಿ ಸೀರೀಸ್ ಡಾಕ್ಟರ್ ಹೂ ಇದ್ಯಲ್ಲ, ಅದರ ಹಳೇ ಕಥೆಗಳಿಗೆ ಎಪಿಸೋಡಿಗೊಂದು ರಿವ್ಯೂ ಬರೀಲಾ, ಕಥೆ ಪೂರ್ತಿ ನೋಡಿ ಬರೀಲಾ ಅಂತ ಕೇಳಿದ್ರಲ್ಲ, ಟೈಮ್ ಲೆಕ್ಕದಲ್ಲಿ ಕಥೆಗೊಂದೇ ಸಲೀಸು, 1963ರಿಂದ 1989ರವರೆಗೆ 26 ಸೀಸನ್ ಇದೆ ಮಾರಾಯ್ರೆ. ಆದ್ರೆ ಮಜಾ ಇರೋದು ಎಪಿಸೋಡ್ ಕೊನೇಲಿ. ಡಾಲೆಕ್‌ಗಳು (ರೋಬೋಟ್ ಥರ ಕಾಣೋ ವಿಲನ್‌ಗಳು) ಮೊದಲು ಬರೋ 7 ಭಾಗದ ಕಥೇಲಿ, ಮೊದಲ ಭಾಗ ಮುಗಿಯೋವಾಗ ಡಾಕ್ಟರ್ ಜೊತೆಗಿರೋ ಬಾರ್ಬರಾ ಗೋಡೆಗೆ ಒರಗಿ ಕಿರುಚ್ತಾಳೆ, ನಮಗೆ ಕಾಣೋದು ಅವಳ ಕಡೆ ಬರ್ತಿರೋ ಒಂದು ಕೈ ಅಷ್ಟೇ, ಆ ಭಯ ಅವತ್ತೇ ಬರೆದಿಟ್ರೆ ಉಳಿಯುತ್ತೆ, ಏಳೂ ನೋಡಿ ಕೂತ್ರೆ ಎರಡು ಸಾಲಲ್ಲಿ ಹೋಗ್ಬಿಡುತ್ತೆ. ಎಳೆದಾಡೋ ಮಧ್ಯದ ಭಾಗಗಳಿಗೆ ಮಾತ್ರ ಬರೆಯೋಕೆ ಏನೂ ಸಿಗಲ್ಲ. ಮೊದಲ ಸಲ ನೋಡ್ತಿದ್ರೆ ಎಪಿಸೋಡಿಗೊಂದು, ಆಗಲೇ ನೋಡಿದ್ರೆ ಕಥೆಗೊಂದು ಬರೀರಿ. 2005ರಲ್ಲಿ ಸೀರೀಸ್ ಮತ್ತೆ ಶುರುವಾದ ಮೇಲಿನದ್ದು ಬಹಳಷ್ಟು ಒಂದೇ ಎಪಿಸೋಡಿಗೆ ಮುಗಿಯುತ್ತೆ, ಎರಡು ಭಾಗ ಇದ್ರೆ ಮಾತ್ರ ಯೋಚನೆ ಮಾಡಿ.